ಅಧ್ಯಕ್ಷರ ಅಡುಗೆಮನೆಯ ನೀಲಿ ಪಾತ್ರೆ

ಅಧ್ಯಕ್ಷ ಥೋರ್ವಾಲ್ಡ್ ಬ್ರೆಕ್ಕೆ ನಿಂತ ಎರಡು ಚುನಾವಣೆಗಳಲ್ಲೂ ಅವರ ವಿರುದ್ಧವೇ ಓಟು ಹಾಕಿದ್ದವಳು ಆರ್ಡಿತ್ ಟೋಲೆಫ್‌ಸನ್. ಅದರಿಂದ ಅವರಿಗೇನೂ ನಷ್ಟವಾಗಲಿಲ್ಲ. ಗೆದ್ದರು, ಅಮೆರಿಕವನ್ನು ಆಳಿದರು, ಆಳಿ ಸಾಕಾದ ಮೇಲೆ ಮಿನ್ನೆಸೋಟದ ತಮ್ಮ ಹೊಲದ ಮನೆಗೆ ಮರಳಿ ಬಂದು ಅಲ್ಲಿಯೇ ಸತ್ತರು. ಸರಕಾರ ಆ ಮನೆಗೆ ಸುತ್ತ ಹಗ್ಗ ಕಟ್ಟಿ, ಟಿಕೆಟ್ ಇಟ್ಟು, ಅವರು ಕಣ್ಣು ಮುಚ್ಚಿದ ದಿನ ಹೇಗಿತ್ತೋ ಹಾಗೆಯೇ ಕಾಪಾಡುತ್ತ ಬಂದಿತು. ಜಪಾನಿನಿಂದೆಲ್ಲ ಜನ ಬಂದು ನೋಡಿ ಹೋದರು. ಆರ್ಡಿತ್‌ಳ ಮನೆಯಿಂದ ಅದು ಕಾರಿನಲ್ಲಿ ಒಂದು ಹಾಡು ಮುಗಿಯುವಷ್ಟು ದೂರ. ಆದರೂ ಅವಳು ಅತ್ತ ತಲೆ ಹಾಕಿರಲಿಲ್ಲ.

"ನಾನು ಓಟು ಹಾಕದವರ ಅಡುಗೆಮನೆ ನೋಡೋಕೆ ನಾನ್ಯಾಕೆ ದುಡ್ಡು ಕೊಡಲಿ?" ಎನ್ನುವುದು ಅವಳ ವಾದ.

ಆ ಶನಿವಾರ ಅವಳು ಹೊರಟದ್ದೂ ಬ್ರೆಕ್ಕೆಯವರ ಮನೆಗಲ್ಲ. ಚರ್ಚಿನ ಹಿರಿಯರನ್ನು ಸರೋವರದಲ್ಲಿ ದೋಣಿ ಹತ್ತಿಸುತ್ತೇನೆಂದು ಪಾದ್ರಿಗಳು ಬಸ್ಸು ಮಾಡಿದ್ದರು. ಗಾಳಿ ಜೋರಾಗಿ ದೋಣಿಯ ಓಡಾಟವೇ ನಿಂತುಹೋಯಿತು. ಪಾದ್ರಿಗಳು ಬಸ್ಸಿನಲ್ಲಿ ಎದ್ದು ನಿಂತು, ಹಾಗಾದರೆ ಅಧ್ಯಕ್ಷರ ಮನೆ ನೋಡೋಣವೇ ಎಂದು ಕೇಳಿದರು. ಯಾರಿಗೂ ಇಷ್ಟವಿರಲಿಲ್ಲ. ಆದರೆ ಬೇಡ ಎಂದು ಬಾಯಿಬಿಟ್ಟು ಹೇಳುವುದು ನಮ್ಮ ಕಡೆ ಪದ್ಧತಿಯಲ್ಲ. "ಆಗಬಹುದು, ಪರವಾಗಿಲ್ಲ" ಎಂದು ಬಸ್ಸಿಗೆ ಬಸ್ಸೇ ಗೊಣಗಿತು.

ಆರ್ಡಿತ್ ಮೊದಲ ಸಾಲಿನಲ್ಲಿ ಕುಳಿತಿದ್ದಳು. ಕಟ್ಟಕಡೆಯ ಸಾಲಿನಲ್ಲಿ ಲವೋನ್ ಸ್ಯಾಂಡ್ವಿಕ್ ಕುಳಿತಿದ್ದಳು. ಬಸ್ಸು ಇನ್ನೂ ಉದ್ದವಿದ್ದಿದ್ದರೆ ಇಬ್ಬರೂ ಇನ್ನೂ ದೂರ ಕೂರುತ್ತಿದ್ದರು. ಇಬ್ಬರದೂ ಎದುರುಬದುರು ಮನೆ. ಒಂದೇ ಶಾಲೆಯಲ್ಲಿ ಓದಿದವರು, ಒಬ್ಬಳ ಮದುವೆಯಲ್ಲಿ ಇನ್ನೊಬ್ಬಳು ಹೂವು ಹಿಡಿದು ನಿಂತವಳು. ಅಂಥವರು ಮಾತು ಬಿಟ್ಟು ನಲವತ್ತು ವರ್ಷದ ಮೇಲಾಗಿತ್ತು.

ಮಾತು ಬಿಡುವುದೆಂದರೆ ನಮ್ಮಲ್ಲಿ ಪೂರ್ತಿ ಬಿಡುವುದಲ್ಲ, ಅದು ಒರಟುತನವಾಗುತ್ತದೆ. ಎದುರು ಸಿಕ್ಕಾಗ ಹವೆಯ ಬಗ್ಗೆ ಆಡಬೇಕು. "ಚಳಿ ಜಾಸ್ತಿ." "ಹೌದು, ಜಾಸ್ತಿ." ಅಷ್ಟೇ. ಬೇರೆ ಕಡೆಯ ಹೆಂಗಸರಾಗಿದ್ದರೆ ಬೀದಿಗಿಳಿದು ಕೂಗಾಡಿ, ಸಂಜೆಗೆಲ್ಲ ಅತ್ತು ಒಂದಾಗುತ್ತಿದ್ದರು. ನಮ್ಮ ಜಗಳಗಳು ಸದ್ದು ಮಾಡುವುದಿಲ್ಲ. ಹಾಗಾಗಿ ಮುಗಿಯುವುದೂ ಇಲ್ಲ.

ಇಷ್ಟಕ್ಕೂ ಕಾರಣ ಒಂದು ಪಾತ್ರೆ. ಲವೋನ್ ಮಂಜುಗಡ್ಡೆಯ ಮೇಲೆ ಜಾರಿ ಕಾಲು ಮುರಿದುಕೊಂಡಾಗ ಆರ್ಡಿತ್ ತನ್ನ ದೊಡ್ಡ ನೀಲಿ ಗಾಜಿನ ಪಾತ್ರೆಯ ತುಂಬ ಹಾಟ್‌ಡಿಶ್ ಮಾಡಿ ಕಳಿಸಿದ್ದಳು. ಕೆಳಗೆ ಕೈಮಾ, ನಡುವೆ ಅಣಬೆಯ ಸೂಪು, ಮೇಲೆ ಆಲೂಗಡ್ಡೆಯ ಹೊದಿಕೆ, ಎಲ್ಲ ಒಟ್ಟಿಗೆ ಓವನ್ನಿನಲ್ಲಿ ಬೇಯಬೇಕು. ಅದಕ್ಕೆ ಅವಳದೇ ಆದ ಕಟ್ಟುನಿಟ್ಟಿತ್ತು. ಹಾಟ್‌ಡಿಶ್ ಹೋಯಿತು, ಪಾತ್ರೆ ವಾಪಸು ಬರಲಿಲ್ಲ. ಪಾತ್ರೆ ವಾಪಸು ಕೊಡದಿರುವುದು ನಮ್ಮಲ್ಲಿ ಕಳ್ಳತನಕ್ಕಿಂತ ಒಂದು ಮೆಟ್ಟಿಲು ಮೇಲಿನ ತಪ್ಪು. ಕಳ್ಳನಾದರೂ ಪರಿಚಯದವನಾಗಿರುವುದಿಲ್ಲ. ಬರಿದಾಗಿ ವಾಪಸು ಕೊಡುವುದೂ ಮರ್ಯಾದೆಯಲ್ಲ. ಒಳಗೆ ಏನಾದರೂ ತಿನ್ನುವುದಿಟ್ಟೇ ಕೊಡಬೇಕು. ಆರ್ಡಿತ್ ಕಾದಳು. ಕೇಳಿದಳೇ? ಛೆ, ಕೇಳುವುದೆಂದರೇನು! ಕೊಟ್ಟ ಪಾತ್ರೆಯನ್ನು ಕೇಳುವುದಕ್ಕಿಂತ ಗೆಳತಿಯನ್ನೇ ಬಿಡುವುದು ಸುಲಭ. ಬಿಟ್ಟಳು.

ಬ್ರೆಕ್ಕೆಯವರ ಅಂಗಳದಲ್ಲಿ ಬಸ್ಸಿನವರನ್ನು ಎರಡು ಗುಂಪು ಮಾಡಿದರು. ಆರ್ಡಿತ್ ಮೊದಲ ಗುಂಪಿಗೆ ಬಂದಳು, ಲವೋನ್ ಎರಡನೆಯದಕ್ಕೆ. ಮೊದಲ ಗುಂಪಿಗೆ ಮನೆ ತೋರಿಸಲು ಕರ್ಟಿಸ್ ಎಂಬ ನಡುವಯಸ್ಸಿನ ದಪ್ಪ ಮನುಷ್ಯ ಬಂದ. ದೇವರ ಮನೆಯೊಳಗೆ ಮಾತಾಡುವವನ ಹಾಗೆ ದನಿ ತಗ್ಗಿಸಿದ್ದ.

"ಅಧ್ಯಕ್ಷರು ಹೋದ ದಿನ ಏನಿತ್ತೋ ಅದೇ ಇದೆ, ಎಲ್ಲಿತ್ತೋ ಅಲ್ಲೇ ಇದೆ. ಒಂದು ಕಡ್ಡೀನೂ ಕದಲಿಸಿಲ್ಲ" ಎಂದ.

ಅವನ ಮಾತಿನಲ್ಲಿ ಉತ್ಪ್ರೇಕ್ಷೆಯಿರಲಿಲ್ಲ. ಕಿಟಕಿಯ ಅಂಚಿನಲ್ಲಿ ಒಂದು ಸತ್ತ ನೊಣ ಬಿದ್ದಿತ್ತು, ಅದರ ಪಕ್ಕ ಒಂದು ಪುಟ್ಟ ನಂಬರು ಇತ್ತು. ಅಧ್ಯಕ್ಷರು ಅರ್ಧ ತುಂಬಿಸಿದ ಪದಬಂಧಕ್ಕೆ ಗಾಜಿನ ಪೆಟ್ಟಿಗೆ ಮಾಡಿಸಿದ್ದರು. ಅವರ ಕಾಲದಲ್ಲಿ ಬಚ್ಚಲಿನ ನಲ್ಲಿ ಸೋರುತ್ತಿತ್ತಂತೆ; ಅದು ಅದೇ ಲಯದಲ್ಲಿ ಸೋರುತ್ತಿದೆಯೇ ಎಂದು ನೋಡಲು ಪ್ರತಿವರ್ಷ ಒಬ್ಬ ಪ್ಲಂಬರ್ ಬರುತ್ತಿದ್ದ. ಹಿಂದಿನ ಪ್ಲಂಬರ್ ಅಭ್ಯಾಸಬಲದಿಂದ ಅದನ್ನು ರಿಪೇರಿ ಮಾಡಿಬಿಟ್ಟು ಕೆಲಸ ಕಳೆದುಕೊಂಡಿದ್ದ.

"ನಮ್ಮನೇಲೂ ನಲ್ಲಿ ಸೋರುತ್ತೆ. ಯಾರೂ ಟಿಕೆಟ್ ತಗೊಂಡು ಬರೋಲ್ಲ" ಎಂದು ಆರ್ಡಿತ್ ಗೊಣಗಿದಳು. ಪಾದ್ರಿಗಳು ಕೇಳಿಸದವರಂತೆ ಸೂರು ನೋಡಿದರು.

ಆಮೇಲೆ ಅಡುಗೆಮನೆ ಬಂತು. ಕೆಂಪು ಹಗ್ಗದ ಆಚೆ ಒಂದು ಮೇಜು. ಮೇಜಿನ ನಟ್ಟನಡುವೆ, ಮೇಲಿಂದ ಬೀಳುವ ದೀಪದ ಬೆಳಕಿನಲ್ಲಿ, ಒಂದು ದೊಡ್ಡ ನೀಲಿ ಗಾಜಿನ ಪಾತ್ರೆ.

ಆರ್ಡಿತ್‌ಗೆ ಮೊದಲು ಕಂಡದ್ದು ಪಾತ್ರೆಯಲ್ಲ, ಅದರೊಳಗಿನ ಬಟಾಣಿ. ಒಳಗೆ ಸುಣ್ಣಗಾರೆಯಲ್ಲಿ ಮಾಡಿ ಬಣ್ಣ ಬಳಿದ ಹಾಟ್‌ಡಿಶ್ ಇತ್ತು, ಅದರ ತುಂಬ ಹಸಿರು ಬಟಾಣಿ.

"ಹಾಟ್‌ಡಿಶ್‌ಗೆ ಬಟಾಣಿ ಯಾರ್ರೀ ಹಾಕ್ತಾರೆ?" ಎಂದು ಅವಳು ಸ್ವಲ್ಪ ಜೋರಾಗಿಯೇ ಕೇಳಿದಳು.

"ಅದರಲ್ಲಿ ಏನಿತ್ತು ಅಂತ ಯಾರಿಗೂ ಗೊತ್ತಿಲ್ಲಮ್ಮ" ಎಂದ ಕರ್ಟಿಸ್ ನೊಂದ ದನಿಯಲ್ಲಿ. "ಅಧ್ಯಕ್ಷರು ಒಂದು ತುಣುಕೂ ಬಿಡದೆ ತಿಂದುಬಿಟ್ಟಿದ್ರು. ಪರಿಣತರ ಸಮಿತಿ ವರ್ಷಗಟ್ಟಲೆ ಚರ್ಚೆ ಮಾಡಿ, ಕೊನೆಗೆ ವೋಟಿಗೆ ಹಾಕಿ ಬಟಾಣಿ ಅಂತ ತೀರ್ಮಾನ ಮಾಡ್ತು. ಇಬ್ಬರು ರಾಜೀನಾಮೆ ಕೊಟ್ರು."

ಆಗ ಅವಳ ಕಣ್ಣು ಪಾತ್ರೆಯ ಎಡಗಡೆಯ ಹಿಡಿಯ ಮೇಲೆ ಬಿತ್ತು. ಅದರ ಮೂಲೆ ಚೂರೇ ಚೂರು ಒಡೆದಿತ್ತು. ಒಡೆದದ್ದು ಅವಳ ಸಿಂಕಿನಲ್ಲಿ, ಅವಳ ಕೈಯಿಂದಲೇ. ಅದು ಅವಳದೇ ಪಾತ್ರೆ.

ಕರ್ಟಿಸ್ ತನ್ನ ಪಾಡಿಗೆ ಹೇಳುತ್ತಿದ್ದ. "ಅಧ್ಯಕ್ಷರ ಪತ್ನಿ ತೀರಿಕೊಂಡ ದಿನ ದೇಶದೇಶದಿಂದ ಹೂವು ಬಂತು. ರಾಜರುಗಳು ತಂತಿ ಕಳಿಸಿದ್ರು. ಅಧ್ಯಕ್ಷರು ಯಾವುದನ್ನೂ ಕಣ್ಣೆತ್ತಿ ನೋಡಲಿಲ್ಲ. ಹೊತ್ತು ಮುಳುಗೋ ಹೊತ್ತಿಗೆ ಹಿತ್ತಿಲ ಬಾಗಿಲು ಯಾರೋ ತಟ್ಟಿದ್ರು. ಅಧ್ಯಕ್ಷರೇ ಎದ್ದು ಹೋಗಿ ತೆಗೆದ್ರು. ನೋಡಿದ್ರೆ ಒಬ್ಬ ರೈತ. ಈ ಪಾತ್ರೇನ ಮುಂದೆ ಹಿಡಿದ. 'ತಗೊಳ್ಳಿ' ಅಂದ. ತಿರುಗಿ ಹೋದ. ಹೆಸರು ಹೇಳಲಿಲ್ಲ, ಸಮಾಧಾನ ಹೇಳಲಿಲ್ಲ, ಕೈ ಕುಲುಕಲಿಲ್ಲ. 'ಇಡೀ ದೇಶದ ದುಃಖವೆಲ್ಲ ಆ ಒಂದು ಮಾತಲ್ಲಿತ್ತು' ಅಂತ ಅಧ್ಯಕ್ಷರು ಕಾರ್ಯದರ್ಶಿ ಹತ್ರ ಅಂದ್ರಂತೆ. ಆಮೇಲೆ ತಿಂಗಳು ತುಂಬೋದ್ರೊಳಗೆ ಅವರೂ ಹೋಗಿಬಿಟ್ರು. ಆ ಮನುಷ್ಯ ಯಾರು ಅಂತ ಇವತ್ತಿಗೂ ತಿಳಿದಿಲ್ಲ. ನಾವು ಅವನನ್ನ ಅಜ್ಞಾತ ಪ್ರಜೆ ಅಂತೀವಿ."

ಅವನು ಕೈ ತೋರಿಸಿದ ಕಡೆ ಎಲ್ಲರೂ ತಿರುಗಿದರು. ಹಿತ್ತಿಲ ಬಾಗಿಲಲ್ಲಿ ಮೇಣದ ಗೊಂಬೆಯೊಂದು ನಿಂತಿತ್ತು. ಬೀಜದ ಕಂಪನಿಯವರು ಪುಕ್ಕಟೆ ಹಂಚುವಂಥ ಟೋಪಿ, ಮಾಸಿದ ಅಂಗಿ, ಎರಡೂ ಕೈ ಮುಂದೆ. ಕಾಲ ಬಳಿ ಹಿತ್ತಾಳೆಯ ಫಲಕ. ಫಲಕದ ಮೇಲೆ ದೊಡ್ಡ ಅಕ್ಷರದಲ್ಲಿ ಒಂದೇ ಮಾತು: ತಗೊಳ್ಳಿ. ಅದನ್ನೇ ಅಚ್ಚು ಹಾಕಿದ ಬನಿಯನ್ನುಗಳು ಹೊರಗಿನ ಅಂಗಡಿಯಲ್ಲಿ ಸಿಗುತ್ತವೆಂದು ಕರ್ಟಿಸ್ ತಿಳಿಸಿದ.

ಮುಖ ಕಲ್ಪಿಸಿ ಮಾಡಿದ್ದಾದರೇನು, ಆ ನಿಲುವು ಆರ್ಡಿತ್‌ಗೆ ತಿಳಿಯದೇ? ಹಾಗೆ ಬಾಗಿಲಲ್ಲಿ ನಿಂತು, ಒಂದೇ ಮಾತಾಡಿ, ಬೆನ್ನು ತಿರುಗಿಸಿ ಹೋಗುವವನು ಈ ಜಿಲ್ಲೆಯಲ್ಲಿ ಒಬ್ಬನೇ ಇದ್ದ. ಅವಳ ಗಂಡ ಓರಿನ್. ಅವಳಿಗೆ ಮದುವೆಯ ಉಂಗುರ ಕೊಟ್ಟಾಗಲೂ ಅವನು ಅಂದದ್ದು "ತಗೋ" ಎಂದಷ್ಟೇ. ಇಡೀ ದೇಶದ ದುಃಖವಂತೆ! ಅವನ ಶಬ್ದಕೋಶವೇ ಅಷ್ಟು. ಓರಿನ್ ಸತ್ತು ಐದಾರು ವರ್ಷವಾಗಿತ್ತು, ಇಲ್ಲದಿದ್ದರೆ ಅವಳು ಆಗಲೇ ಮನೆಗೆ ಹೋಗಿ ಅವನ ಕಿವಿ ಹಿಂಡುತ್ತಿದ್ದಳು.

ಅವಳಿಗೆ ಎಲ್ಲ ನೆನಪಾಯಿತು. ಅಧ್ಯಕ್ಷರ ಹೆಂಡತಿ ಸತ್ತ ದಿನ ಆರ್ಡಿತ್ ಚಿಕ್ಕಮ್ಮನ ಊರಿಗೆ ಹೋಗಿದ್ದಳು. ರಾತ್ರಿ ಬಂದಾಗ ಓರಿನ್ "ಕೊಟ್ಟು ಬಂದೆ" ಎಂದಿದ್ದ. ಪಕ್ಕದವರ ಏಣಿ ಇರಬೇಕು ಎಂದುಕೊಂಡು ಅವಳು "ಸರಿ" ಎಂದಿದ್ದಳು. ಈಗ ತಿಳಿಯಿತು. ಅವತ್ತು ಸುತ್ತಲ ಹಳ್ಳಿಗಳ ಹೆಂಗಸರೆಲ್ಲ ಸಾವಿನ ಮನೆಗೆ ಅಡುಗೆ ಮಾಡಿ ಕಳಿಸುತ್ತಿದ್ದರು. ಓರಿನ್ ಹೊಲದಿಂದ ಬಂದು ನೋಡಿದರೆ ತನ್ನ ಮನೆಯ ಮೆಟ್ಟಿಲ ಮೇಲೆ ತುಂಬಿದ ಪಾತ್ರೆ. ಹೆಂಡತಿ ಮಾಡಿಟ್ಟು ಹೋಗಿದ್ದಾಳೆ ಎಂದುಕೊಂಡ, ಗಾಡಿಯಲ್ಲಿಟ್ಟು ತಲುಪಿಸಿ ಬಂದ. ಆ ಪಾತ್ರೆ ಮೆಟ್ಟಿಲ ಮೇಲೆ ತಾನಾಗಿ ಬಂದು ಕೂತಿರಲು ಸಾಧ್ಯವಿಲ್ಲ. ಲವೋನ್ ಅದನ್ನು ವಾಪಸು ತಂದಿಟ್ಟಿದ್ದಳು. ತುಂಬಿಸಿ, ಮರ್ಯಾದೆಯಿಂದ.

ಅಷ್ಟರಲ್ಲಿ ಪಡಸಾಲೆಯ ಕಡೆಯಿಂದ ಎರಡನೆಯ ಗುಂಪಿನ ಸದ್ದು ಕೇಳಿಸಿತು. ಲವೋನ್‌ಳ ಊರುಗೋಲಿನ ಸದ್ದೂ ಅದರಲ್ಲಿತ್ತು.

ಇಂಥ ಹೊತ್ತಿನಲ್ಲಿ ಒಳ್ಳೆಯ ಹೆಂಗಸು ಏನು ಮಾಡಬೇಕೋ ಅದನ್ನು ಆರ್ಡಿತ್ ಮಾಡಲಿಲ್ಲ. ನಲವತ್ತು ವರ್ಷ ನಾನೇ ತಪ್ಪು ಎಂದು ಒಪ್ಪಿಕೊಳ್ಳುವುದಕ್ಕಿಂತ ಪಾತ್ರೆ ಕಾಣದಂತೆ ಮಾಡುವುದೇ ವಾಸಿ ಎಂದು ಅವಳ ತಲೆಗೆ ಹೊಳೆಯಿತು. ಎಪ್ಪತ್ತು ದಾಟಿದ ಕಾಲನ್ನೆತ್ತಿ ಕೆಂಪು ಹಗ್ಗ ದಾಟಿದಳು. ಮನೆಯೊಳಗೆಲ್ಲ ಸೈರನ್ ಹೊಡೆದುಕೊಂಡಿತು. ಅವಳು ನಿಲ್ಲಲಿಲ್ಲ. ಪಾತ್ರೆಯನ್ನೆತ್ತಿ ಕೋಟಿನೊಳಗೆ ತುರುಕತೊಡಗಿದಳು. ಗಾರೆಯ ಹಾಟ್‌ಡಿಶ್ ಸಮೇತ ಅದು ಕಲ್ಲಿನಷ್ಟು ಭಾರವಿತ್ತು. ಅರ್ಧ ಒಳಗೆ ಹೋಗಿ ಸಿಕ್ಕಿಕೊಂಡಿತು.

"ಅಮ್ಮಾ! ಅದನ್ನ ಮುಟ್ಟಬಾರದು! ಯಾರೂ ಮುಟ್ಟಿಲ್ಲ!" ಎಂದು ಕರ್ಟಿಸ್ ಅಳುವಂತಾದ.

ಪಾದ್ರಿಗಳು "ಆರ್ಡಿತ್, ನೀವು ಕೂತ್ಕೋತೀರಾ? ನೀರು ಬೇಕಾ?" ಎಂದರು.

ಮನೆಯ ಮೇಲ್ವಿಚಾರಕಿ ಶ್ರೀಮತಿ ಕ್ವಾಮ್ ಓಡಿ ಬಂದಳು. ಅವಳ ಹಿಂದೆಯೇ ಎರಡನೆಯ ಗುಂಪೂ ಒಳಗೆ ಬಂದು, ಎಲ್ಲರ ಮುಂದೆ ಲವೋನ್ ಬಂದು ನಿಂತಳು. ಆರ್ಡಿತ್ ಕೋಟಿನಿಂದ ಹೊರಗೆ ಚಾಚಿದ ನೀಲಿ ಹಿಡಿಯೊಂದಿಗೆ ನಿಂತಿದ್ದಳು. ಬಚ್ಚಿಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ.

"ಇದು ನನ್ನ ಪಾತ್ರೆ" ಎಂದಳು. ಎಳೆದು ತೆಗೆದು ಬೋರಲು ಹಿಡಿದಳು. ತಳದಲ್ಲಿ ಕೆಂಪು ಉಗುರುಬಣ್ಣದಿಂದ ಬರೆದ ಅಕ್ಷರಗಳು ನಿನ್ನೆ ಬರೆದಂತಿದ್ದವು: ಎ. ಟೋಲೆಫ್‌ಸನ್. "ಆ ಬಾಗಿಲಲ್ಲಿ ನಿಂತಿರೋನು ನನ್ನ ಗಂಡ."

ಸೈರನ್ ನಿಂತಿತು. ಶ್ರೀಮತಿ ಕ್ವಾಮ್ ಬಿಳಿಚಿಕೊಂಡು ಕುರ್ಚಿಗಾಗಿ ಕೈ ಚಾಚಿದಳು, ಅದು ಅಧ್ಯಕ್ಷರ ಕುರ್ಚಿಯೆಂದು ನೆನಪಾಗಿ ಗೋಡೆಗೆ ಒರಗಿದಳು.

"ಹೆಸರು ತಳದಲ್ಲೇ ಇತ್ತಾ? ಇಷ್ಟು ವರ್ಷ?"

"ನೀವ್ಯಾರೂ ಎತ್ತಿ ನೋಡ್ಲೇ ಇಲ್ವಾ?"

"ಎತ್ತಬಾರದು ಅಂತ ನಿಯಮ ಇದೆಯಲ್ಲಾ! ಧೂಳು ಕೂಡ ಸುತ್ತಲೂ ಪುಕ್ಕದಲ್ಲಿ ಹೊಡೀತೀವಿ. ಗಾರೇನ ಇಟ್ಟಲ್ಲೇ ಸುರಿದದ್ದು." ಅವಳು ಹತ್ತಿರ ಬಂದು ಆರ್ಡಿತ್‌ಳ ಮೊಣಕೈ ಹಿಡಿದಳು. "ನೋಡಿ ಅಮ್ಮ, ಅಜ್ಞಾತ ಪ್ರಜೆ ಯಾರು ಅಂತ ಇಬ್ಬರು ಪಂಡಿತರು ಜೀವಮಾನ ಸವೆಸಿದಾರೆ. ಶಾಲೆ ಮಕ್ಕಳು ಪ್ರತಿವರ್ಷ ಪ್ರಬಂಧ ಬರೀತಾರೆ. ಈಗ ಅವನಿಗೊಂದು ಹೆಸರಿದೆ, ಹೆಂಡತಿ ಇದಾಳೆ, ಇಲ್ಲೇ ಪಕ್ಕದೂರಿನೋನು ಅಂದ್ರೆ ಜನ ಏನನ್ಕೋತಾರೆ? ದಯವಿಟ್ಟು ಮೊದಲಿದ್ದ ಹಾಗೇ ಇಟ್ಟುಬಿಡಿ. ನಾವು ನೋಡಿಲ್ಲ. ಕರ್ಟಿಸ್, ನೀನು ನೋಡಿದ್ಯಾ?"

"ಇಲ್ಲ" ಎಂದ ಕರ್ಟಿಸ್, ಗೋಡೆಯ ಕಡೆ ತಿರುಗಿ.

ಲವೋನ್ ಇದಾವುದನ್ನೂ ಕೇಳುತ್ತಿರಲಿಲ್ಲ. ಮೇಣದ ಗೊಂಬೆಯ ಮುಂದೆ ನಿಂತು ಅದರ ಮುಖವನ್ನೇ ನೋಡುತ್ತಿದ್ದಳು. "ಓರಿನ್‌ಗೆ ಇಷ್ಟು ಉದ್ದ ಮೂಗಿರಲಿಲ್ಲ" ಎಂದಳು ಯಾರಿಗೋ ಎಂಬಂತೆ. ಆಮೇಲೆ ಊರುಗೋಲು ಊರಿಕೊಂಡು ಹಿತ್ತಿಲಿಗೆ ಇಳಿದು ಹೋದಳು.

ಆರ್ಡಿತ್ ಪಾತ್ರೆಯನ್ನು ಶ್ರೀಮತಿ ಕ್ವಾಮ್‌ಳ ಕೈಗೆ ಕೊಟ್ಟುಬಿಟ್ಟಳು. ಇಷ್ಟು ವರ್ಷ ಅವಳ ಹೊಟ್ಟೆ ಉರಿಸಿದ ಪಾತ್ರೆ ಎದುರಿಗಿದ್ದರೂ ಅದು ಬೇಕೆಂದು ಅವಳಿಗೆ ಅನ್ನಿಸಲಿಲ್ಲ. ಹಗ್ಗದ ಅಡಿಯಲ್ಲಿ ನುಸುಳಿ ಲವೋನ್‌ಳ ಹಿಂದೆ ಹೋದಳು.

ಹಿತ್ತಿಲಿನ ಸೇಬಿನ ಮರದ ಕೆಳಗೆ ಬೆಂಚಿತ್ತು. ಲವೋನ್ ಒಂದು ತುದಿಯಲ್ಲಿ ಕುಳಿತಿದ್ದಳು. ಆರ್ಡಿತ್ ಇನ್ನೊಂದು ತುದಿಯಲ್ಲಿ ಕುಳಿತಳು.

"ಗಾಳಿ ಜೋರು" ಎಂದಳು ಲವೋನ್.

"ಹೌದು, ಜೋರು" ಎಂದಳು ಆರ್ಡಿತ್. ಅಲ್ಲಿಗೆ ನಿಲ್ಲಿಸುವುದು ರೂಢಿ. ಅವಳು ನಿಲ್ಲಿಸಲಿಲ್ಲ. "ಲವೋನ್, ನಾನು ನಿನ್ನ ಹತ್ರ ಮಾತು ಬಿಟ್ಟಿದ್ದು ಆ ಪಾತ್ರೆಗೋಸ್ಕರ."

ಲವೋನ್ ತಿರುಗಿ ನೋಡಿದಳು. "ಪಾತ್ರೆಗಾ?"

"ನೀನು ವಾಪಸ್ ಕೊಡ್ಲಿಲ್ಲ ಅನ್ಕೊಂಡಿದ್ದೆ."

"ಮೆಟ್ಟಿಲ ಮೇಲೆ ಇಟ್ಟು ಬಂದಿದ್ನಲ್ಲೇ! ನಿಂಬೆ ಕೇಕ್ ತುಂಬಿ!" ಎಂದಳು ಲವೋನ್. "ನಾನು... ಆ ಕೇಕು ಅಂಗಡೀಲಿ ಸಿಗೋ ಪೊಟ್ಟಣದ ಪುಡೀದು ಅಂತ ನಿನಗೆ ಗೊತ್ತಾಗಿಬಿಟ್ಟಿದೆ ಅನ್ಕೊಂಡಿದ್ದೆ."

"ಏನು?"

"ಕಾಲಿಗೆ ಪಟ್ಟಿ ಕಟ್ಟಿದ್ರಲ್ಲ, ನಿಂತು ಮಾಡೋಕಾಗ್ಲಿಲ್ಲ. ಪೊಟ್ಟಣದ ಪುಡೀಲಿ ಮಾಡಿದ್ದೆ. ನೀನು ಅದನ್ನ ತಿಂದು, ಕಂಡುಹಿಡಿದು, ಬೇಜಾರು ಮಾಡ್ಕೊಂಡೆ ಅಂತ ತಿಳ್ಕೊಂಡೆ. ಅವತ್ತಿಂದ ಮನೇಲಿ ಒಂದು ಪೊಟ್ಟಣ ಇಟ್ಟಿಲ್ಲ ಕಣೇ ನಾನು. ಪ್ರತಿ ಭಾನುವಾರ ಚರ್ಚಲ್ಲಿ ನಿನ್ನ ಮುಂದೆ ತಂದಿಡ್ತಿದ್ನಲ್ಲ ನಿಂಬೆ ಕೇಕು, ಅದು ಕೈಯಲ್ಲೇ ಮಾಡಿದ್ದು. ನಿಂಬೇನ ನಾನೇ ತುರಿದದ್ದು. ನೀನು ಒಂದು ದಿನಾನೂ ಒಂದು ತುಂಡು ಎತ್ಕೊಳ್ಲಿಲ್ಲ."

ಅಧ್ಯಕ್ಷರು ಒಂದು ತುಣುಕೂ ಬಿಡದೆ ತಿಂದದ್ದು ಪೊಟ್ಟಣದ ಕೇಕು! ಆರ್ಡಿತ್‌ಗೆ ನಗು ಒತ್ತರಿಸಿಕೊಂಡು ಬಂತು. ಲವೋನ್‌ಗೂ ಬಂದೀತೆಂದು ತಿರುಗಿದಳು. ಲವೋನ್ ನಗುತ್ತಿರಲಿಲ್ಲ.

"ನನ್ನ ಮಗ ಲೈಲ್ ಟ್ರ್ಯಾಕ್ಟರ್ ಕೆಳಗೆ ಸಿಕ್ಕಿ ಸತ್ತಾಗ ನೀನು ಏನೂ ತರಲಿಲ್ಲ" ಎಂದಳು. "ಊರಿಗೆ ಊರೇ ತಂತು. ಹೆಸರು ಗೊತ್ತಿಲ್ಲದೋರು ತಂದ್ರು. ನೀನು ಚರ್ಚಲ್ಲಿ ಕೊನೇ ಸಾಲಲ್ಲಿ ಕೂತು, ಕಾಫಿಗೂ ನಿಲ್ಲದೆ ಹೋದೆ. ನಮ್ಮಕ್ಕ ಫ್ರಿಜ್ ಜೋಡಿಸ್ತಿದ್ಳು, ಜಾಗ ಸಾಲ್ದು ಅಂದ್ಳು. ನಡುವಿನ ಅರೆ ಖಾಲಿ ಬಿಡೇ, ಆರ್ಡಿತ್‌ದು ಬರುತ್ತೆ, ಅವಳ ಪಾತ್ರೆ ದೊಡ್ಡದು ಅಂದೆ. ಒಂದು ವಾರ ಹಾಗೇ ಖಾಲಿ ಬಿಟ್ಟಿದ್ದೆ."

ಇಪ್ಪತ್ತು ವರ್ಷದ ಹಿಂದಿನ ಆ ದಿನ ಆರ್ಡಿತ್ ಕೈಮಾ ತಂದಿದ್ದಳು. ಆಲೂಗಡ್ಡೆಯನ್ನೂ ತಂದಿದ್ದಳು. ಸಾವಿನ ಮನೆಗೆ ಕಳಿಸುವಷ್ಟು ದೊಡ್ಡ ಪಾತ್ರೆ ಇದ್ದದ್ದು ಒಂದೇ, ಅದು ಲವೋನ್‌ಳ ಮನೆಯಲ್ಲೇ ಇದೆಯಲ್ಲ, ಹಾಗಿರುವಾಗ ಯಾತರಲ್ಲಿ ಮಾಡಿ ಕೊಡಲಿ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಆಗ ಅದು ನ್ಯಾಯವಾಗಿಯೇ ಕಂಡಿತ್ತು. ಈಗ ಅದನ್ನು ನೆನೆದು ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ತಪ್ಪು ನಂದೇ" ಎಂದಳು. "ಪೂರ್ತಿ ನಂದೇ, ಲವೋನ್."

ಲವೋನ್ "ಪರವಾಗಿಲ್ಲ" ಎಂದಾದರೂ ಅನ್ನಬಹುದಿತ್ತು; ನಮ್ಮ ಕಡೆ ಕಾಲು ತುಳಿದವರಿಗೂ, ಮನೆ ಸುಟ್ಟವರಿಗೂ ಅದನ್ನೇ ಅನ್ನುತ್ತೇವೆ. ಅವಳು ಅದನ್ನೂ ಅನ್ನದೆ ಎದ್ದು ಬಸ್ಸಿನ ಕಡೆ ನಡೆದಳು, ಹೋಗಿ ಮತ್ತೆ ಕಟ್ಟಕಡೆಯ ಸಾಲಿನಲ್ಲಿ ಕುಳಿತಳು.

ಬಸ್ಸು ಊರಿಗೆ ಬಂದು ಎಲ್ಲರನ್ನೂ ಇಳಿಸಿದಾಗ ಇನ್ನೂ ಬಿಸಿಲಿತ್ತು. ಆರ್ಡಿತ್ ಮನೆಗೆ ಹೋದವಳೇ ಕೂರಲಿಲ್ಲ. ಫ್ರೀಜರಿನಿಂದ ಕೈಮಾ ತೆಗೆದಳು, ಆಲೂಗಡ್ಡೆ ಹೆಚ್ಚಿದಳು, ಅಣಬೆಯ ಸೂಪಿನ ಡಬ್ಬಿ ಒಡೆದಳು. ದೊಡ್ಡ ಪಾತ್ರೆ ಇರಲಿಲ್ಲ; ಕ್ರಿಸ್‌ಮಸ್ಸಿಗೆ ಕೋಳಿ ಬೇಯಿಸುವ ಸೊಟ್ಟ ತಗಡಿನ ತಟ್ಟೆಯಿತ್ತು. ಅದರಲ್ಲೇ ಮಾಡಿದಳು. ಆಗಲೂ ಅದರಲ್ಲೇ ಮಾಡಬಹುದಿತ್ತು ಎನ್ನುವುದು ಓವನ್ನಿನ ಮುಂದೆ ನಿಂತಷ್ಟು ಹೊತ್ತೂ ಅವಳನ್ನು ತಿವಿಯುತ್ತಿತ್ತು.

ಆಮೇಲೆ ಬಟ್ಟೆ ಬದಲಿಸಿ, ಸಾವಿಗೆ ಹೋಗುವಾಗ ಮಾತ್ರ ಹಾಕುವ ಕಪ್ಪು ಕೋಟು ತೊಟ್ಟು, ಬಿಸಿ ತಟ್ಟೆಯನ್ನು ಬಟ್ಟೆಯಲ್ಲಿ ಹಿಡಿದು ರಸ್ತೆ ದಾಟಿದಳು. ಮೊಣಕೈಯಿಂದ ಬಾಗಿಲು ತಟ್ಟಿದಳು.

ಲವೋನ್ ಬಾಗಿಲು ತೆಗೆದಳು. ಕಪ್ಪು ಕೋಟನ್ನು ನೋಡಿದಳು. ತಟ್ಟೆಯನ್ನು ನೋಡಿದಳು.

"ಲೈಲ್ ವಿಷಯ ಗೊತ್ತಾಯ್ತು, ಲವೋನ್" ಎಂದಳು ಆರ್ಡಿತ್, ಸಾವಿನ ಸುದ್ದಿಯನ್ನು ಈಗಷ್ಟೇ ಕೇಳಿದವಳ ಹಾಗೆ. ಇಡೀ ದಾರಿ ಅಂದುಕೊಂಡು ಬಂದಿದ್ದ ಉಳಿದ ಮಾತೆಲ್ಲ ಮರೆತುಹೋಗಿತ್ತು. "ಎಂಥ ಒಳ್ಳೇ ಹುಡುಗ. ನಮ್ಮ ಬೇಲಿ ಮುರಿದಾಗ ಕೇಳದೇನೇ ಬಂದು ಕಟ್ಟಿಕೊಟ್ಟಿದ್ದ. ಏನು ಹೇಳ್ಬೇಕೋ ನನಗೆ ತಿಳೀತಿಲ್ಲ."

ಲವೋನ್ ಬಾಗಿಲನ್ನು ಹಿಡಿದು ನಿಂತೇ ಇದ್ದಳು. ಆರ್ಡಿತ್‌ಳ ಕೈ ಸುಡುತ್ತಿತ್ತು, ಅವಳು ಅಲುಗಲಿಲ್ಲ.

"ಯಾಕೆ ತೊಂದ್ರೆ ತಗೊಂಡೆ, ಬೇಡವಾಗಿತ್ತು" ಎಂದಳು ಲವೋನ್, ಸಾವಿನ ಮನೆಯವರು ಅನ್ನುವ ಹಾಗೆಯೇ. ಊರುಗೋಲನ್ನು ಗೋಡೆಗೆ ಒರಗಿಸಿ ಎರಡೂ ಕೈಯಿಂದ ತಟ್ಟೆಯನ್ನು ತೆಗೆದುಕೊಂಡಳು. ಅವಳ ಕಣ್ಣೀರು ಗಲ್ಲದಿಂದಿಳಿದು ಆಲೂಗಡ್ಡೆಯ ಮೇಲೆ ಬಿತ್ತು. "ಒಳಗೆ ಬಾ, ಆರ್ಡಿತ್. ಕೂತ್ಕೊ. ಅವನು ಹೋದಾಗಿಂದ ನನಗೆ ಊಟಾನೇ ಸೇರ್ತಿಲ್ಲ ಕಣೇ."